ಕೊಕ್ಕಿನ ಅಚ್ಚು

ಬುಟ್ಟಿಯ ಮೇಲೆ ಮುಚ್ಚಿದ್ದ ಟವೆಲನ್ನು ಆ ಹೆಂಗಸು ಸರಿಸುವವರೆಗೂ, ಆಕೆಯ ಗಂಡನಿಗೆ ನಾನು ಮಾಡಿಕೊಟ್ಟ ಬಾಯಿಯ ಪ್ಲೇಟು ಮತ್ತೆ ಬಿರುಕು ಬಿಟ್ಟಿರಬೇಕು ಎಂದೇ ನಾನು ಅಂದುಕೊಂಡಿದ್ದೆ. ಕೊಣನೂರಿನಿಂದ ಬೆಳಗಿನ ಬಸ್ಸಿಗೇ ಹೊರಟು, ಹಾಸನದಲ್ಲಿ ನನ್ನ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಬಂದು ಕೂತಿದ್ದರೆ ಬೇರೆ ಏನು ತಾನೇ ಇರುತ್ತದೆ? ನಾನು ಕಟ್ಟುಹಲ್ಲು ಮಾಡುವವಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದಿಟ್ಟಿರುತ್ತಾರೆ. ವಾರದಲ್ಲಿ ಒಂದೊಂದು ದಿನ ಒಂದೊಂದು ಊರಿಗೆ ಬಸ್ಸಿನಲ್ಲಿ ಹೋಗಿ ಅಚ್ಚು ತರುತ್ತೇನೆ, ಹಲ್ಲು ಮಾಡಿ ತಲುಪಿಸುತ್ತೇನೆ. ಬಾಯಿ ಎಂದರೆ ನನ್ನ ಪಾಲಿಗೆ ಮನುಷ್ಯರ ಬಾಯಿ.

ಟವೆಲಿನಡಿಯಿಂದ ಒಂದು ಕೋಳಿ ತಲೆಯೆತ್ತಿ ನನ್ನನ್ನು ನೋಡಿತು.

ಇನ್ನೂ ಮೊಟ್ಟೆಗೆ ಬಾರದ ಹೆಣ್ಣುಕೋಳಿ, ನಮ್ಮ ಕಡೆ ಯಾಟೆ ಎನ್ನುತ್ತಾರೆ. ಕೆಂಗಂದು ಬಣ್ಣ, ಕುತ್ತಿಗೆಯ ಹತ್ತಿರ ಪುಕ್ಕಗಳೆಲ್ಲ ಅಂಟಂಟು. ಅದರ ಕೆಳಗಿನ ಕೊಕ್ಕು ಎಡಕ್ಕೆ ಹೊರಳಿತ್ತು. ಮೇಲಿನದು ಉದ್ದ ಬೆಳೆದು ಬಲಕ್ಕೆ ಬಾಗಿತ್ತು. ತೆರೆದ ಕತ್ತರಿಯಂತಿದ್ದ ಅವೆರಡರ ನಡುವೆ ಸಣ್ಣ ನಾಲಿಗೆ ಒಣಗಿಕೊಂಡು ಕಾಣುತ್ತಿತ್ತು.

"ಅಕ್ಕ, ನಮ್ಮನೆಯವ್ರ ಬಾಯಿಗೆ ಮಾಡ್ಕೊಟ್ರಲ್ಲ, ಅಂಗೇ ಇದ್ಕೂ ಒಂದು ಮಾಡ್ಕೊಡಿ" ಎಂದರು ಆಕೆ.

ಬಾಗೂರಿನ ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಒಲೆ ಹತ್ತುತ್ತಿರಲಿಲ್ಲ. ಕೋಳಿಯನ್ನು ಬೀದಿಯಲ್ಲಿ ಕಂಡಿದ್ದೆನೇ ಹೊರತು ಮುಟ್ಟಿದವಳಲ್ಲ. ಕೈ ಚಾಚಿ ಅದರ ತಲೆಯ ಮೇಲೆ ಒಂದು ಬೆರಳಿಟ್ಟೆ. ಅಷ್ಟು ಬಿಸಿಯಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಕೆಯ ಗಂಡ ಬಸ್ ಚಾಲಕರು. ಹಾಸನದಿಂದ ಅರಕಲಗೂಡಿನ ಮೇಲೆ ಕೊಣನೂರಿಗೆ ಹೋಗುವ ಬಸ್ಸು ಅವರದು. ಅರಕಲಗೂಡಿನ ದಿನ ನಾನು ಹಲ್ಲಿನ ಡಬ್ಬಿಗಳ ಚೀಲ ಹಿಡಿದು ಓಡಿ ಬರುವುದನ್ನು ಕನ್ನಡಿಯಲ್ಲಿ ಕಂಡರೆ, ಕಂಡಕ್ಟರ್ ಎಷ್ಟು ಸೀಟಿ ಊದಿದರೂ ಗಾಡಿ ಎತ್ತುತ್ತಿರಲಿಲ್ಲ. ನಮ್ಮ ಪರಿಚಯ ಅಷ್ಟೇ ಇತ್ತು. ಆಮೇಲೆ ಅವರ ಮೇಲ್ದವಡೆಯಲ್ಲಿ ಗಂಟಾಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಅಂಗುಳದ ಒಂದು ಪಾಲನ್ನೇ ತೆಗೆದರು. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದಂತಾಗಿ, ಕುಡಿದ ನೀರು ಮೂಗಿನಿಂದ ಇಳಿಯುತ್ತಿತ್ತು, ಆಡಿದ ಮಾತು ಬರೀ ಗಾಳಿಯಾಗುತ್ತಿತ್ತು. ಆ ತೂತನ್ನು ಮುಚ್ಚುವ, ಮೇಲೆ ಉಬ್ಬಿರುವ ಒಂದು ಅಕ್ರಿಲಿಕ್ ಪ್ಲೇಟನ್ನು ನಾನು ಮಾಡಿಕೊಟ್ಟಿದ್ದೆ. ಅದು ಕೂರುವ ಹೊತ್ತಿಗೆ ನಾನೂ ಅವರೂ ಸಾಕುಸಾಕಾಗಿದ್ದೆವು. ಒಂದು ಕಡೆ ಉಜ್ಜಿದರೆ ಇನ್ನೊಂದು ಕಡೆ ಹುಣ್ಣು. ಕೊನೆಗೂ ಕೂತಿತು. ಮಾತು ತಿಳಿಯುವಂತಾಯಿತು, ನೀರು ನಿಂತಿತು. ಊಟ ಮಾತ್ರ ಮೆತ್ತಗಿನದ್ದೇ ಆಗಬೇಕಿತ್ತು.

ಕೋಳಿ ಅವರ ಕೈಗೆ ಬಂದದ್ದು ಅದೇ ದಿನಗಳಲ್ಲಿ. ಮೂಗಿಗೆ ನಳಿಕೆ ಹಾಕಿಕೊಂಡು ಅವರು ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದಾಗ ಪಕ್ಕದ ಮನೆಯ ಹೇಂಟೆ ಮರಿ ಮಾಡಿತ್ತು. ಒಂದು ಮರಿಯ ಕೊಕ್ಕು ಹುಟ್ಟಿನಿಂದಲೇ ಸ್ವಲ್ಪ ಓರೆ. ಕಾಳು ಹೆಕ್ಕಲು ಬಾರದೆ ಉಳಿದವುಗಳ ಕಾಲಡಿ ಸಿಕ್ಕುತ್ತಿತ್ತು. ಪಕ್ಕದ ಮನೆಯವರು ಅದನ್ನು ಬಿಸಾಡಬೇಕೆಂದಿದ್ದಾಗ ಇವರು ಕೈಸನ್ನೆ ಮಾಡಿ ಕರೆಸಿಕೊಂಡರಂತೆ. ಎಡಕ್ಕೆ ಇಂಡಿಕೇಟರ್ ಹಾಕಿಕೊಂಡೇ ಹುಟ್ಟಿದೆ ಎಂದು, ತಮಗೆ ಮಾತು ಬಂದ ಮೇಲೆ ಅದಕ್ಕೆ ಇಂಡಿಕೇಟರ್ ಎಂದೇ ಹೆಸರಿಟ್ಟರು. ಇವರಿಗೆ ಮಾಡಿದ ತೆಳು ರಾಗಿ ಅಂಬಲಿಯಲ್ಲಿ ಅದಕ್ಕೂ ಒಂದು ಪಾಲು. ಬೆಳೆಯುತ್ತ ಹೋದಂತೆ ಅದರ ಓರೆಯೂ ಬೆಳೆಯಿತು. ಈಗ ತಿನ್ನಲು ಕೂತರೆ ಬಾಯಿಗೆ ಹೋಗುವುದಕ್ಕಿಂತ ನೆಲಕ್ಕೆ ಚೆಲ್ಲುವುದೇ ಹೆಚ್ಚಾಗಿತ್ತು.

"ಅದು ಉಣ್ಣೋಗಂಟ ಇವ್ರು ತಟ್ಟೆ ಮುಟ್ಟಾಕಿಲ್ಲ" ಎಂದರು ಆಕೆ. "ಅದು ಮುಖ ತಿರುಗಿಸ್ಕಂಡ್ರೆ ಇವ್ರೂ ತಟ್ಟೆ ತಳ್ಬುಡ್ತಾರೆ. ಮೈಸೂರಿನ ಡಾಕ್ಟ್ರು ತೂಕ ನೋಡಿ ಬೈದು ಕಳಿಸವ್ರೆ. ನಾನು ಯಾರ್ನ ಉಣ್ಸಲಕ್ಕ?"

ಇದು ನನ್ನ ಕೆಲಸವಲ್ಲ ಎಂದು ಹೇಳಿದೆ. ಮೊದಲು ಪಶುವೈದ್ಯರಿಗೆ ತೋರಿಸಿ ಎಂದೆ. ತೋರಿಸೋಣ, ನೀವೂ ಬನ್ನಿ ಎಂದರು. ನನ್ನ ಅರಕಲಗೂಡಿನ ದಿನ ಮಾರನೆಯ ದಿನವೇ ಇತ್ತು.

ಅರಕಲಗೂಡಿನ ಪಶುವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು, ನಿಧಾನಸ್ಥರು. ಕೋಳಿಯನ್ನು ಟವೆಲಿನಲ್ಲಿ ಸುತ್ತಿ, ರೆಕ್ಕೆ ಬಿಚ್ಚದಂತೆ ಕಂಕುಳಲ್ಲಿ ಇಟ್ಟುಕೊಂಡು, ಎದೆಯ ಮೂಳೆಯನ್ನು ಸವರಿ ನೋಡಿದರು. ಅದರ ಎರಡೂ ಪಕ್ಕ ಮಾಂಸ ಇಳಿದುಹೋಗಿತ್ತು. ಪುಕ್ಕಗಳ ಬುಡ ಬಿಡಿಸಿ ಹೇನು ತೋರಿಸಿದರು. ಕೊಕ್ಕು ಕೂಡದ ಹಕ್ಕಿಗೆ ಮೈ ಸ್ವಚ್ಛ ಮಾಡಿಕೊಳ್ಳಲೂ ಆಗುವುದಿಲ್ಲವಂತೆ. ಆಮೇಲೆ ಟಾರ್ಚಿನ ಬೆಳಕನ್ನು ಕೊಕ್ಕಿನ ಹಿಂದೆ ಹಿಡಿದರು. ಉಗುರಿನಂಥ ಕೊಕ್ಕಿನೊಳಗೆ ಕೆಂಪು ರಕ್ತನಾಳ ಎಲ್ಲಿಯವರೆಗೆ ಬಂದಿದೆ ಎಂದು ಕಂಡಿತು. ಅದರಿಂದ ಈಚೆಗೆ, ಬೆಳೆದು ಬಾಗಿದ ತುದಿಯನ್ನು ಕ್ಲಿಪ್ಪರಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಅರದಿಂದ ಉಜ್ಜಿದರು. ಒಂದು ಕಡೆ ರಕ್ತ ಜಿನುಗಿತು. ಮೆಕ್ಕೆಜೋಳದ ಹಿಟ್ಟು ಒತ್ತಿ ಹಿಡಿದರು, ನಿಂತಿತು.

"ಇದನ್ನ ತಿಂಗಳಿಗೊಂದು ಸಲ ಮಾಡ್ತಾ ಇರಬೇಕು, ಇಲ್ಲ ಅಂದ್ರೆ ಬಾಯಿ ಪೂರ್ತಿ ಸಿಕ್ಕಿಕೊಳ್ಳುತ್ತೆ" ಎಂದರು. ಕೊಕ್ಕನ್ನೇ ನೇರ ಮಾಡಲಾಗುವುದಿಲ್ಲವೇ ಎಂದು ಚಾಲಕರ ಹೆಂಡತಿ ಕೇಳಿದರು. ಮರಿಯಾಗಿದ್ದಾಗ ಆಗಬಹುದಿತ್ತು, ಈಗ ಅನುಮಾನ ಎಂದು ಅವರು ಹೇಳಿದರು. ಸಾಕುವ ಗಿಳಿಗಳಿಗೆ ಕೆಳಗಿನ ಕೊಕ್ಕಿನ ಮೇಲೆ ಒಂದು ಸಣ್ಣ ಇಳಿಜಾರು ಕೂರಿಸುತ್ತಾರೆ. ಬಾಯಿ ಮುಚ್ಚಿದಾಗಲೆಲ್ಲ ಮೇಲಿನ ಕೊಕ್ಕು ಆ ಇಳಿಜಾರಿಗೆ ತಾಗಿ ನಡುವಿಗೆ ಜಾರುತ್ತದೆ, ಹಾಗೆ ತಳ್ಳುತ್ತ ತಳ್ಳುತ್ತ ನೇರವಾಗುತ್ತದೆ. ಕೋಳಿಗೆ ಮಾಡಿದ್ದನ್ನು ತಾವು ಓದಿರುವುದಷ್ಟೇ, ನೋಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅಕ್ರಿಲಿಕ್ ನಿಮ್ಮ ಕೈಯಲ್ಲಿ ಆಡುತ್ತದೆ, ಹಕ್ಕಿಯ ಮೈ ನನಗೆ ಗೊತ್ತು, ಪ್ರಯತ್ನಿಸೋಣವೇ ಎಂದರು.

ಅಲ್ಲಿಂದ ನನಗೆ ಆಸೆ ಹತ್ತಿತು ಎಂದೇ ಹೇಳಬೇಕು. ಹೊಸ ಬಾಯಿ ಸಿಕ್ಕರೆ ನಮ್ಮ ಕಸುಬಿನವರ ಕೈ ಸುಮ್ಮನಿರುವುದಿಲ್ಲ.

ಪಶುವೈದ್ಯರು ಕೆಲವು ಎಚ್ಚರಿಕೆ ಹೇಳಿದರು. ಮೂಗಿನ ಹೊಳ್ಳೆ ಮುಚ್ಚಬಾರದು. ನಾವು ಪುಡಿಗೆ ಬೆರೆಸುವ ದ್ರವದ ಘಾಟು ಹಕ್ಕಿಯ ಪುಪ್ಪುಸಕ್ಕೆ ವಿಷ, ಅದನ್ನು ಅದರ ಹತ್ತಿರ ಕಲಸಲೇಬಾರದು. ಗಟ್ಟಿಯಾಗುವಾಗ ಬರುವ ಬಿಸಿಯೂ ತಾಗಬಾರದು. ಅಂದರೆ ಎಲ್ಲವನ್ನೂ ಲ್ಯಾಬಿನಲ್ಲಿ ಕುದಿಸಿ, ಹದ ಮಾಡಿ, ಘಾಟು ಹೋಗುವಂತೆ ನೀರಿನಲ್ಲಿ ನೆನೆಹಾಕಿ, ಆಮೇಲಷ್ಟೇ ಕೊಕ್ಕಿಗೆ ಕೂರಿಸಬೇಕು. ಅದಕ್ಕೆ ಮೊದಲು ಕೊಕ್ಕಿನ ಅಚ್ಚು ಬೇಕು.

ಮನುಷ್ಯರಿಗಾದರೆ ಬಾಯಿ ತೆರೆಯಿರಿ, ಮೂಗಿನಲ್ಲಿ ಉಸಿರಾಡಿ ಎಂದು ದಂತವೈದ್ಯರು ಹೇಳುತ್ತಾರೆ. ಕೋಳಿಗೆ ಏನು ಹೇಳುವುದು? ಅಚ್ಚಿನ ಮುದ್ದೆ ತುಂಬುವ ಟ್ರೇ ಕೂಡ ಕೊಕ್ಕಿನ ಅಳತೆಗೆ ಇಲ್ಲ. ದೊಡ್ಡ ಸಿರಿಂಜೊಂದನ್ನು ಉದ್ದಕ್ಕೆ ಸೀಳಿ ಅರ್ಧಗೊಳವೆ ಮಾಡಿಕೊಂಡೆ. ಅಚ್ಚಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿದರೆ ಬೇಗ ಬಿಗಿಯುತ್ತದೆ, ಆದ್ದರಿಂದ ಬೆಚ್ಚಗಿನದೇ ತೆಗೆದುಕೊಂಡೆ. ಅಚ್ಚು ತೆಗೆಯುವ ದಿನ ಅರಕಲಗೂಡಿಗೆ ಚಾಲಕರು ತಾವೇ ಬಂದಿದ್ದರು. ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಕಣ್ಣಿಗೆ ತಮ್ಮ ಅಂಗೈ ಮರೆ ಮಾಡಿದರು. ಪಶುವೈದ್ಯರು ತಲೆ ಹಿಡಿದರು. ಮೊದಲ ಸಲ ಪೂರ್ತಿ ಬಿಗಿಯುವ ಮೊದಲೇ ಕೋಳಿ ತಲೆ ಕೊಡವಿತು. ಗುಲಾಬಿ ಬಣ್ಣದ ಮುದ್ದೆ ಪಶುವೈದ್ಯರ ಕನ್ನಡಕಕ್ಕೆ ಹಾರಿ ಅಂಟಿಕೊಂಡಿತು. ಅವರು ಕನ್ನಡಕ ಒರೆಸುವವರೆಗೆ ನಾವಿಬ್ಬರೂ ನಗು ತಡೆದುಕೊಂಡು ಕೂತಿದ್ದೆವು. ಎರಡನೆಯ ಸಲ ಚಾಲಕರು ಬಗ್ಗಿ, ಅದರ ಕಿವಿಯ ಹತ್ತಿರ ಗಂಟಲಲ್ಲೇ ಏನೋ ಗುನುಗಿದರು. ಕೋಳಿ ಅಲುಗಾಡಲಿಲ್ಲ.

ಹಾಸನಕ್ಕೆ ತಂದು ಅಚ್ಚಿಗೆ ಸ್ಟೋನ್ ಪ್ಲಾಸ್ಟರ್ ಎರೆದೆ. ಬಿಡಿಸಿದಾಗ ಕೊಕ್ಕಿನ ಒಂದೊಂದು ಗೆರೆಯೂ ಬಂದಿತ್ತು. ಮೇಜಿನ ಮೇಲೆ ಸಾಲಾಗಿ ಒಣಗುತ್ತಿದ್ದ ದವಡೆಗಳ ನಡುವೆ ಆ ಸಣ್ಣ ಕೊಕ್ಕನ್ನೂ ಇಟ್ಟೆ. ಅವತ್ತು ಹಲ್ಲು ಕೊಳ್ಳಲು ಬಂದ ದಂತವೈದ್ಯರೊಬ್ಬರು ಅದನ್ನು ಎತ್ತಿ ನೋಡಿ, ಏನೂ ಕೇಳದೆ ಹಾಗೇ ಇಟ್ಟು ಹೋದರು.

ಮೊದಲ ಇಳಿಜಾರು ಕೆಲವೇ ದಿನಗಳಲ್ಲಿ ಬಿದ್ದುಹೋಯಿತು. ಅದಕ್ಕೆ ಅಂಟಿದ್ದ ಕೊಕ್ಕಿನ ಹೊರಪದರವೂ ಎದ್ದು ಬಂದಿತ್ತು. ತಪ್ಪು ಎಲ್ಲಿ ಎಂದು ತಿಳಿಯಿತು. ಕೊಕ್ಕಿನ ಮೇಲೆ ಎಣ್ಣೆಯಂಥ ಜಿಡ್ಡಿರುತ್ತದೆ, ನಾನು ಅದನ್ನು ಉಜ್ಜಿ ತೆಗೆದಿರಲಿಲ್ಲ. ಎರಡನೆಯದನ್ನು ಇನ್ನೂ ತೆಳ್ಳಗೆ ಮಾಡಿ, ಎರಡು ಪಕ್ಕದಿಂದಲೂ ಹಿಡಿತ ಬರುವಂತೆ ಸಣ್ಣ ರೆಕ್ಕೆ ಕೊಟ್ಟು, ಹಲ್ಲಿಗೆ ಬಳಸುವ ಸಿಮೆಂಟಿನಿಂದ ಕೂರಿಸಿದೆವು. ಅದು ನಿಂತಿತು. ಬಾಯಿ ಮುಚ್ಚಿದಾಗ ಮೇಲಿನ ಕೊಕ್ಕು ಇಳಿಜಾರಿನ ಮೇಲೆ ಕೂದಲೆಳೆಯಷ್ಟು ನಡುವಿಗೆ ಜಾರುವುದು ಕಣ್ಣಿಗೇ ಕಂಡಿತು. ಬಸ್ಸಿನಲ್ಲಿ ಹಾಸನಕ್ಕೆ ವಾಪಸಾಗುವಾಗ ನನಗೆ ನನ್ನ ಬಗ್ಗೆಯೇ ಒಳ್ಳೆಯ ಅಭಿಪ್ರಾಯವಿತ್ತು.

ಮುಂದಿನ ವಾರ ಚಾಲಕರ ಹೆಂಡತಿ ಫೋನಿಗೆ ಒಂದು ವಿಡಿಯೋ ಕಳಿಸಿದರು. ಕೋಳಿ ಗೋಡೆಯ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಪ್ರತಿ ಉಸಿರಿಗೂ ಕುತ್ತಿಗೆ ಮುಂದೆ ಚಾಚುತ್ತಿತ್ತು. ಗೊರಗೊರ ಎನ್ನುವ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ವಿಡಿಯೋದ ಕೊನೆಯಲ್ಲಿ ಕ್ಯಾಮೆರಾ ಸ್ವಲ್ಪ ಸರಿದು, ಜಗಲಿಯ ಮೇಲಿದ್ದ ಒಂದು ಲೋಟ ಕಾಣಿಸಿತು. ಲೋಟದ ನೀರಿನಲ್ಲಿ ಚಾಲಕರ ಪ್ಲೇಟು ಇತ್ತು. ಪ್ಲೇಟು ಲೋಟದಲ್ಲಿದೆ ಎಂದರೆ ಅವರು ಊಟ ಬಿಟ್ಟಿದ್ದಾರೆ ಎಂದು ನನಗೆ ತಿಳಿಯದೇ?

ಅವತ್ತು ಚನ್ನರಾಯಪಟ್ಟಣದ ದಿನ. ದಂಡಿಗನಹಳ್ಳಿಯ ಒಬ್ಬರು ಮಗಳ ಮದುವೆಗೆ ಮುಂಚೆ ಹಲ್ಲು ಬೇಕೆಂದು ಅಲ್ಲಿನ ಕ್ಲಿನಿಕ್ಕಿನಲ್ಲಿ ಕಾಯುವವರಿದ್ದರು. ಅವರ ಡಬ್ಬಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿ, ಕ್ಲಿನಿಕ್ಕಿಗೆ ಫೋನ್ ಮಾಡಿ ತಿಳಿಸಿ, ನಾನು ಕೊಣನೂರಿನ ಬಸ್ಸು ಹತ್ತಿದೆ.

ಮನೆ ಸಂತೆಮಾಳದ ಹಿಂದಿನ ಬೀದಿಯಲ್ಲಿ. ಚಾಲಕರು ನನ್ನನ್ನು ಕಂಡು ಎದ್ದು, ಗೋಡೆಯ ಕಡೆ ತಿರುಗಿ ಪ್ಲೇಟು ಹಾಕಿಕೊಂಡು ಆಮೇಲೆ ಮಾತಾಡಿದರು. ಮುಖದಲ್ಲಿ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕೋಳಿಯ ಬಾಯಿ ಬಿಡಿಸಿ ನೋಡಿದೆ. ಇಳಿಜಾರು ನಾನು ಕೂರಿಸಿದಲ್ಲೇ ಇತ್ತು, ಒಂದಿಷ್ಟೂ ಕದಲಿರಲಿಲ್ಲ. ಕೋಳಿಗೆ ಈಗ ಬಾಯಿ ಪೂರ್ತಿ ಮುಚ್ಚಲೂ ಆಗುತ್ತಿರಲಿಲ್ಲ, ತನ್ನ ಹಳೆಯ ರೀತಿಯಲ್ಲಿ ಬಾಚಲೂ ಆಗುತ್ತಿರಲಿಲ್ಲ. ಅಂಬಲಿಯನ್ನು ಮೇಲಕ್ಕೆ ಎರಚಿಕೊಂಡು ನುಂಗಲು ಹೋಗಿ ಉಸಿರುನಾಳಕ್ಕೆ ಇಳಿಸಿಕೊಂಡಿತ್ತು.

ಇದನ್ನು ಈಗಲೇ ಬಿಚ್ಚಬೇಕು, ಅರಕಲಗೂಡಿಗೆ ಹೋಗೋಣ ಎಂದೆ. ಚಾಲಕರು ಒಪ್ಪಲಿಲ್ಲ.

"ನಂಗೂ ಮೊದ್ಲು ಇಂಗೇ ಆಗಿರ್ನಿಲ್ವಾ ಅಕ್ಕ? ಹುಣ್ಣಾಯ್ತು, ರಕ್ತ ಬಂತು, ಬ್ಯಾಡ ಅಂತ ಬಿಸಾಕಿದ್ದೆ. ನೀವೇ ತಾನೆ ಇನ್ನೊಂದು ವಾರ ತಡ್ಕಳಿ ಅಂದಿದ್ದು. ಆಮೇಲೆ ಕೂತ್ಕಂತು. ಇದ್ಕೂ ಕೂತ್ಕತದೆ ಬುಡಿ."

ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಆಪರೇಷನ್ನಿನ ನಂತರ ಕೇಳಿರಲಿಲ್ಲ. ಒಂದೊಂದು ಮಾತಿಗೂ ಅವರ ಕೈ ಕೋಳಿಯ ಬೆನ್ನ ಮೇಲೆ ಸರಿಯುತ್ತಿತ್ತು. ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ.

"ನಿಮ್ಮದು ತೂತು ಮುಚ್ಚುವ ಪ್ಲೇಟು. ಜಾಗ ಖಾಲಿ ಇತ್ತು, ತುಂಬಿದೆವು. ಇದರದು ಮೂಳೆ ತಳ್ಳುವ ಪ್ಲೇಟು. ಮೂಳೆ ಬೆಳೆದು ನಿಂತುಬಿಟ್ಟಿದೆ. ಎಷ್ಟು ದಿನ ತಳ್ಳಿದರೂ ನೋವು ಬಿಟ್ಟರೆ ಏನೂ ಆಗಲ್ಲ."

"ಅಂಗಾರೆ ಇದು ಇಂಗೇ ಇರ್ಬೇಕಾ?"

"ಹೀಗೇ ಇರುತ್ತೆ."

ಅವರು ಕೋಳಿಯನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದು ಹಿತ್ತಲಿಗೆ ಹೋದರು. ಆಕೆ ಬುಟ್ಟಿ ತಂದರು. ನಾವಿಬ್ಬರೇ ಹೊರಟೆವು. ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರು ಹಿಂದಿನಿಂದ ಬಂದು ನಮ್ಮ ಪಕ್ಕದಲ್ಲಿ ನಿಂತರು. ದಾರಿಯುದ್ದಕ್ಕೂ ಬುಟ್ಟಿ ಅವರ ತೊಡೆಯ ಮೇಲಿತ್ತು.

ಸಿಮೆಂಟನ್ನು ಬಿಡಿಸುವುದು ಹಾಕುವುದಕ್ಕಿಂತ ಕಷ್ಟ. ಮೋಟಾರು ಬಳಸಿದರೆ ಕೊಕ್ಕು ಕಾಯುತ್ತದೆ ಎಂದು ಕೈಯ ಅರದಿಂದಲೇ ಉಜ್ಜಿ, ಅಂಚಿನಿಂದ ಚೂರುಚೂರಾಗಿ ತೆಗೆದೆ. ನಾನು ಮಾಡಿದ್ದನ್ನು ನಾನೇ ಪುಡಿ ಮಾಡಿದೆ. ಪಶುವೈದ್ಯರು ಇಂಜೆಕ್ಷನ್ ಕೊಟ್ಟರು. ಎದೆಗೆ ಕಿವಿಗೊಟ್ಟು ಕೇಳಿ, ಬದುಕುತ್ತದೆ ಎಂದು ಈಗಲೇ ಹೇಳಲಾರೆ, ಕೆಲವು ದಿನ ಅದು ತಾನಾಗಿ ತಿನ್ನುವುದು ಬೇಡ, ನಳಿಕೆಯಿಂದ ಉಣಿಸಬೇಕು ಎಂದರು. ಹೇಗೆಂದು ತೋರಿಸಿಕೊಟ್ಟರು. ನಾಲಿಗೆಯ ಬುಡದಲ್ಲಿ ತೆರೆದು ಮುಚ್ಚುವ ಸಣ್ಣ ಸೀಳಿದೆಯಲ್ಲ, ಅದು ಉಸಿರಿನ ದಾರಿ. ಅದನ್ನು ತಪ್ಪಿಸಿ, ಹಕ್ಕಿಯ ಬಲಮಗ್ಗುಲಿಗೆ ನಳಿಕೆ ಇಳಿಸಬೇಕು. ಕುತ್ತಿಗೆಯನ್ನು ಹೊರಗಿನಿಂದ ಮುಟ್ಟಿದರೆ ಎರಡು ಕೊಳವೆ, ಉಸಿರುನಾಳ ಒಂದು, ನಮ್ಮ ನಳಿಕೆ ಒಂದು, ಬೆರಳಿಗೆ ಸಿಗಬೇಕು. ಒಂದೇ ಸಿಕ್ಕರೆ ತಕ್ಷಣ ಹೊರಗೆಳೆಯಬೇಕು. ಕತ್ತಿನ ಕೆಳಗಿನ ಚೀಲ ತುಂಬಿತೋ ಎಂದು ಅಂಗೈಯಲ್ಲಿ ನೋಡಬೇಕು, ಅದು ಇಳಿಯುವವರೆಗೆ ಮತ್ತೆ ಕೊಡಬಾರದು.

ಚಾಲಕರ ಹೆಂಡತಿ ಸಿರಿಂಜನ್ನು ಹಿಡಿದು ನೋಡಿ ಮೇಜಿನ ಮೇಲೆ ಇಟ್ಟುಬಿಟ್ಟರು. ನನಗೂ ಧೈರ್ಯವಾಗಲಿಲ್ಲ. ಚಾಲಕರು ಸಿರಿಂಜನ್ನು ತಾವೇ ತೆಗೆದುಕೊಂಡರು. ಮೊದಲು ಅಂಬಲಿಯ ಒಂದು ಹನಿಯನ್ನು ತಮ್ಮ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು, ಬಿಸಿ ಹೆಚ್ಚಾಯಿತೆಂದು ಆರಲು ಇಟ್ಟರು.

"ನಿಧಾನಕ್ಕೆ ಬುಡ್ಬೇಕು" ಎಂದು ಪಶುವೈದ್ಯರಿಗೇ ಹೇಳಿದರು. "ಜೋರಾಗಿ ಬುಟ್ರೆ ಎದೆಯಾಗೆ ಕಲ್ಲು ಇಟ್ಟಂಗಾಯ್ತದೆ. ನಂಗೆ ಗೊತ್ತು."

ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಫೋನಿಗೆ ಒಂದು ವಿಡಿಯೋ ಬರುತ್ತಿತ್ತು. ದೊಡ್ಡ ಕೈಗಳು, ಸಣ್ಣ ತಲೆ, ಇಂಚಿಂಚಾಗಿ ಇಳಿಯುವ ಸಿರಿಂಜು. ಗೊರಗೊರ ಸದ್ದು ಕಡಿಮೆಯಾಗುತ್ತ ಬಂತು. ಒಂದು ದಿನ ಕೋಳಿ ಬೂದಿ ಬೆರೆಸಿದ ಮರಳಿನಲ್ಲಿ ಹೊರಳಾಡುವುದನ್ನು ಕಳಿಸಿದರು. ಹೇನು ಹೋಗಲೆಂದು ಪಶುವೈದ್ಯರು ಹೇಳಿದ್ದ ಉಪಾಯ ಅದು. ಬದುಕಿತು ಎಂದು ನನಗೆ ಆಗ ನಂಬಿಕೆ ಬಂತು. ಆದರೆ ಜೀವಮಾನವಿಡೀ ಒಂದು ಕೋಳಿಗೆ ನಳಿಕೆ ಹಾಕುತ್ತ ಕೂರಲಾಗುತ್ತದೆಯೇ?

ಸಂತೆಯ ದಿನ ಮತ್ತೆ ಕೊಣನೂರಿಗೆ ಹೋದೆ. ಏನೂ ಮಾಡಬೇಡಿ, ಅದರಷ್ಟಕ್ಕೆ ತಿನ್ನಲು ಬಿಡಿ, ನಾನು ನೋಡಬೇಕು ಎಂದೆ. ಅಲ್ಲಿಯವರೆಗೆ ನಾನು ಅದರ ಕೊಕ್ಕನ್ನು ನೋಡಿದ್ದೆ, ಅಳೆದಿದ್ದೆ, ಅಚ್ಚು ತೆಗೆದಿದ್ದೆ. ಅದು ಉಣ್ಣುವುದನ್ನು ಕೂತು ನೋಡಿರಲಿಲ್ಲ. ಚಾಲಕರೂ ನಾನೂ ಹಿತ್ತಲಿನ ಕಲ್ಲಿನ ಮೇಲೆ ಕೂತೆವು. ಆಕೆ ಸ್ಟೀಲ್ ತಟ್ಟೆಯಲ್ಲಿ ಮಿದುವಾಗಿ ಕಲಸಿದ ಮುದ್ದೆ ಇಟ್ಟರು. ಕೋಳಿ ಕುಕ್ಕಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಓರೆಯಾದ ಕೆಳಗಿನ ಕೊಕ್ಕನ್ನೇ ಚಮಚದ ಹಾಗೆ ಮಾಡಿಕೊಂಡು, ಬಲದಿಂದ ಎಡಕ್ಕೆ ಬಾಚಿತು. ಒಳ್ಳೆಯ ತುತ್ತೇ ಸಿಕ್ಕಿತು. ಆದರೆ ತಟ್ಟೆಯ ಅಂಚು ತಗ್ಗು. ಎಡಕ್ಕೆ ಒತ್ತಿ ಎತ್ತಿಕೊಳ್ಳಲು ಆಸರೆ ಸಿಗದೆ ತುತ್ತು ಅಂಚು ದಾಟಿ ನೆಲಕ್ಕೆ ಬಿತ್ತು. ಮತ್ತೆ ಬಾಚಿತು, ಮತ್ತೆ ಬಿತ್ತು. ಅದಕ್ಕೆ ಉಣ್ಣಲು ಬರುತ್ತಿತ್ತು. ಒತ್ತಲು ಒಂದು ಗೋಡೆ ಬೇಕಿತ್ತು, ಅಷ್ಟೇ.

ಕಟ್ಟುಹಲ್ಲು ಕೂರಿಸಿದ ಮೇಲೆ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ನೀಲಿ ಕಾಗದ ಕಚ್ಚಿಸಿ ಗುರುತು ನೋಡುತ್ತಾರೆ. ಕೋಳಿಗೂ ಹಾಗೇ ನೋಡಬಹುದಲ್ಲ ಅನಿಸಿತು. ಆಳವಾದ ಪಾತ್ರೆಯಲ್ಲಿ ಮುದ್ದೆಯನ್ನು ದಪ್ಪಗೆ ಹರಡಿ, ಮೇಲ್ಮೈ ನುಣ್ಣಗೆ ಸವರಿಕೊಡಿ ಎಂದು ಆಕೆಗೆ ಹೇಳಿದೆ. ಚಾಲಕರು ಅದನ್ನು ಕೋಳಿಯ ಎದೆಯ ಎತ್ತರಕ್ಕೆ ಬರುವಂತೆ ಇಟ್ಟಿಗೆಯ ಮೇಲಿಟ್ಟರು. ಕೋಳಿ ಒಂದಷ್ಟು ತಿಂದು ಬಿಟ್ಟಿತು. ಮುದ್ದೆಯ ಮೇಲೆ ಅದು ಬಾಚಿದ ಗೆರೆಗಳೆಲ್ಲ ಮೂಡಿದ್ದವು. ಬಲದಲ್ಲಿ ತೆಳ್ಳಗೆ ಶುರುವಾಗಿ, ಎಡಕ್ಕೆ ಹೋದಂತೆ ಆಳವಾಗಿ, ಎಲ್ಲವೂ ಒಂದೇ ಕಡೆ ಬಂದು ಸೇರುತ್ತಿದ್ದವು. ಚೀಲದಲ್ಲಿ ಪ್ಲಾಸ್ಟರ್ ಯಾವಾಗಲೂ ಇರುತ್ತದೆ. ಅಲ್ಲೇ ಕಲಸಿ ಮುದ್ದೆಯ ಮೇಲೆ ಎರೆದೆ.

ವಾಪಸ್ ಬಸ್ಸಿನಲ್ಲಿ, ತೊಡೆಯ ಮೇಲಿದ್ದ ಬಿಳಿ ಗಡ್ಡೆಯನ್ನು ನೋಡಿ ಕಂಡಕ್ಟರ್ ಇದೇನು ಎಂದು ಕೇಳಿದ. ಕೋಳಿ ಉಂಡ ಮುದ್ದೆಯ ಅಚ್ಚು ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಆ ಅಚ್ಚಿನಿಂದ ಒಂದು ಬಟ್ಟಲು ಮಾಡಿದೆ. ತಳ ಬಲದಿಂದ ಎಡಕ್ಕೆ ಇಳಿಜಾರು. ಎಡಗಡೆಯ ಗೋಡೆ ಎತ್ತರವಾಗಿ, ತುದಿಯಲ್ಲಿ ಒಳಕ್ಕೆ ಬಾಗಿತ್ತು; ಬಾಚಿದ ತುತ್ತು ಅದಕ್ಕೆ ಒತ್ತಿ ಕೊಕ್ಕಿನ ಮೇಲೆ ಕೂರಬೇಕು, ಆಚೆ ಹಾರಬಾರದು. ನನ್ನಲ್ಲಿದ್ದ ಅಕ್ರಿಲಿಕ್ ವಸಡಿನ ಬಣ್ಣದ್ದು, ಹಾಗಾಗಿ ಬಟ್ಟಲೂ ವಸಡಿನ ಗುಲಾಬಿಯೇ ಆಯಿತು. ಅಭ್ಯಾಸಬಲದಿಂದ ಕನ್ನಡಿಯ ಹಾಗೆ ಪಾಲಿಶ್ ಮಾಡಿ ಕೊಟ್ಟೆ. ಅದೇ ಎಡವಟ್ಟಾಯಿತು. ನುಣುಪಿಗೆ ತುತ್ತು ಜಾರಿ ತಳಕ್ಕಿಳಿಯುತ್ತಿತ್ತು, ಕೋಳಿ ತಳ್ಳಿದ ಕಡೆಗೆ ಬಟ್ಟಲೇ ಸರಿಯುತ್ತಿತ್ತು. ಎರಡನೆಯದಕ್ಕೆ ಗೋಡೆಯ ಒಳಮೈಯನ್ನು ಮರಳುಕಾಗದದಿಂದ ತರಿ ಮಾಡಿ, ಅಡಿಗೆ ಪ್ಲಾಸ್ಟರಿನ ಭಾರ ಕೊಟ್ಟೆ.

ಅದನ್ನು ಒಯ್ದ ದಿನ ಚಾಲಕರ ಹೆಂಡತಿ, ನೀವು ಬರುತ್ತೀರೆಂದು ಸೊಪ್ಪಿನ ಸಾರು ಮಾಡಿದ್ದೇನೆ, ಉಂಡೇ ಹೋಗಬೇಕು ಎಂದರು. ಜಗಲಿಯಲ್ಲಿ ಕೂತೆವು. ಚಾಲಕರು ಬಟ್ಟಲಿಗೆ ಮುದ್ದೆ ಹಾಕಿ, ಸಾರಿನಲ್ಲಿ ಮೆತ್ತಗೆ ಹಿಸುಕಿ, ಇಟ್ಟಿಗೆಯ ಮೇಲಿಟ್ಟರು. ಇಂಡಿಕೇಟರ್ ಸುತ್ತಲೂ ಒಂದು ಸುತ್ತು ಬಂದಿತು. ಗುಲಾಬಿ ಗೋಡೆಯನ್ನು ಒಂದು ಕಣ್ಣಿನಿಂದ ನೋಡಿತು, ಮತ್ತೊಂದು ಕಣ್ಣಿನಿಂದಲೂ ನೋಡಿತು. ತಲೆ ವಾಲಿಸಿ ಬಾಚಿತು. ತುತ್ತು ಗೋಡೆಗೆ ಒತ್ತಿ, ಕೊಕ್ಕಿನ ಮೇಲೆ ನಿಂತು, ಒಳಗೆ ಹೋಯಿತು. ಗಲ್ಲಕ್ಕೆಲ್ಲ ಮೆತ್ತಿಕೊಂಡಿತು ನಿಜ. ನೆಲಕ್ಕೆ ಬಿದ್ದದ್ದು ಸ್ವಲ್ಪವೇ. ಮತ್ತೆ ಬಾಚಿತು.

ಚಾಲಕರು ಅದನ್ನು ನೋಡುತ್ತಲೇ ತಮ್ಮ ತಟ್ಟೆಗೆ ಕೈಹಾಕಿದರು. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಇನ್ನೊಂದು ಮುರಿದರು. ನಾನು ತಲೆ ಬಗ್ಗಿಸಿ ಉಣ್ಣತೊಡಗಿದೆ. ಸಾರು ತೀರಾ ಸಪ್ಪೆಯಾಗಿತ್ತು. ಬಾಯಿ ಹುಣ್ಣಿನವರ ಮನೆಯಲ್ಲವೇ ಎಂದು ಸುಮ್ಮನೆ ಉಂಡೆ.

ಚಾಲಕರ ಹೆಂಡತಿ ಬಾಗಿಲಿಗೆ ಒರಗಿ ನಿಂತು ಒಮ್ಮೆ ಕೋಳಿಯನ್ನು, ಒಮ್ಮೆ ಗಂಡನನ್ನು ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಒಂದು ತಟ್ಟೆ ತಂದು, ತಾವೇ ಮುದ್ದೆ ಹಾಕಿಕೊಂಡು ನಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತರು. ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು.

"ಇದೇನ್ ಇಷ್ಟು ಸಪ್ಪಗದೆ" ಎಂದರು. "ಇಷ್ಟು ದಿಸ್ವೂ ಇದ್ನೇ ಉಣ್ತಿದ್ರಾ? ಉಪ್ಪಿಲ್ಲ ಅಂತ ಒಂದ್ ಮಾತು ಯೋಳ್ಬಾರ್ದಾ?"

ಚಾಲಕರು ತುತ್ತು ನುಂಗಿ ಹೆಂಡತಿಯ ಮುಖವನ್ನೇ ನೋಡಿದರು. "ನೀನೂ ದಿನಾ ಇದ್ನೇ ಉಣ್ತಿದ್ದೀಯ ಅಂದ್ಕಂಡಿದ್ದೆ ಕಣೆ" ಎಂದರು.

ಆಕೆ ಉಪ್ಪು ತರಲು ನೆಲಕ್ಕೆ ಕೈಯೂರಿ ಏಳಹೋದರು. ಚಾಲಕರು ಹೆಗಲ ಮೇಲೆ ಎಡಗೈಯಿಟ್ಟು ಅವರನ್ನು ಕೂರಿಸಿ, ತಾವೇ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು. ಉಪ್ಪು ಯಾವುದರಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಕೆ ಹೇಳಲೂ ಇಲ್ಲ. ಆ ಸದ್ದನ್ನು ಕೇಳಿಸಿಕೊಳ್ಳುತ್ತ, ಸಪ್ಪೆ ಸಾರಿನಲ್ಲೇ ಇನ್ನೊಂದು ತುತ್ತು ಅದ್ದಿಕೊಂಡು ಉಂಡರು.